ಬೀಗವೂ ಬೇಕು, ಇನ್ನೊಂದು ಕೀಲಿಕೈಯೂ ಬೇಕು

ಮಕ್ಕಳೇ, ಶಾಲೆಯ ವಿಜ್ಞಾನ ಸಂಘಕ್ಕೊಂದು ಜಾಲತಾಣ ಮಾಡುವುದು ಈಗ ಕಷ್ಟದ ಕೆಲಸವಲ್ಲ. ವರ್ಡ್‌ಪ್ರೆಸ್ ಎಂಬ ತಂತ್ರಾಂಶ 2003ರಿಂದ ಉಚಿತವಾಗಿ ಸಿಗುತ್ತಿದೆ. ಅದರಲ್ಲಿ ಕನ್ನಡದಲ್ಲೇ ಬರೆಯಬಹುದು. ಊರಿನ ಗಿಡಗಳ ಪಟ್ಟಿ, ಮಳೆಯ ಲೆಕ್ಕ, ಪ್ರಯೋಗದ ಫೋಟೋ ಎಲ್ಲವನ್ನೂ ಹಾಕಬಹುದು. ಕಷ್ಟ ಶುರುವಾಗುವುದು ಅದರ ಬಾಗಿಲಿಗೆ ಬೀಗ ಹಾಕುವಾಗ. ನನ್ನ ಅಭಿಪ್ರಾಯ ಇಷ್ಟೇ: ಬೀಗ ಹಾಕದೆ ಇರಬೇಡಿ. ಆದರೆ ನಾವೇ ಹೊರಗೆ ಬಾಕಿಯಾದರೆ ಒಳಗೆ ಹೋಗುವುದು ಹೇಗೆ ಎಂದು ತೀರ್ಮಾನಿಸದೆ ಬೀಗ ಹಾಕಬೇಡಿ.

"ನಮ್ಮ ಸಣ್ಣ ಶಾಲೆಯ ತಾಣಕ್ಕೆ ಯಾರು ಕನ್ನ ಹಾಕ್ತಾರೆ ಟೀಚರ್?" ಎಂದು ಕೇಳುವವರು ಉಂಟು. ಕನ್ನ ಹಾಕುವುದು ಹೆಚ್ಚಾಗಿ ಮನುಷ್ಯರು ಕೂತು ಅಲ್ಲ, ಪ್ರೋಗ್ರಾಮುಗಳ ಮೂಲಕ. ಪ್ರೋಗ್ರಾಮಿಗೆ ಸಣ್ಣ ಶಾಲೆ, ದೊಡ್ಡ ಕಂಪೆನಿ ಎಂಬ ಭೇದವಿಲ್ಲ. ಸಿಕ್ಕಿದ ತಾಣಕ್ಕೆಲ್ಲ ಹೋಗಿ ಪಾಸ್‌ವರ್ಡ್ ಊಹಿಸುತ್ತಾ ಇರುತ್ತದೆ. 2010ರಲ್ಲಿ 3.0 ಆವೃತ್ತಿ ಬರುವ ತನಕ ವರ್ಡ್‌ಪ್ರೆಸ್‌ನಲ್ಲಿ ಮೊದಲ ನಿರ್ವಾಹಕನ ಹೆಸರು ತಾನಾಗಿಯೇ 'ಅಡ್ಮಿನ್' ಎಂದು ಆಗುತ್ತಿತ್ತು. ಹೆಸರು ಗೊತ್ತಿದ್ದ ಮೇಲೆ ಊಹಿಸಬೇಕಾದ್ದು ಪಾಸ್‌ವರ್ಡ್ ಮಾತ್ರ. 2013ರ ಏಪ್ರಿಲ್‌ನಲ್ಲಿ ಹತ್ತಾರು ಸಾವಿರ ವಿಳಾಸಗಳಿಂದ ಇದೇ ಹೆಸರು ಹಿಡಿದು ವರ್ಡ್‌ಪ್ರೆಸ್ ತಾಣಗಳ ಮೇಲೆ ದಾಳಿ ನಡೆದಿತ್ತು.

ಇಂಥ ಊಹೆಯನ್ನು ತಡೆಯುವುದಕ್ಕೆ ಭದ್ರತಾ ಪ್ಲಗಿನ್ ಇರುವುದು. ಕೆಲವು ಸಲ ಪಾಸ್‌ವರ್ಡ್ ತಪ್ಪಿದರೆ ಅದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತದೆ. ಅದರಿಂದ ಎಂತ ಪ್ರಯೋಜನ ಎಂದು ಲೆಕ್ಕ ಹಾಕಿ ನೋಡುವ. ನಾಲ್ಕು ಅಂಕಿಯ ಗುಟ್ಟು ಸಂಖ್ಯೆಗೆ ಇರುವ ಸಾಧ್ಯತೆಗಳು 10,000. ಸೆಕೆಂಡಿಗೆ ಒಂದರಂತೆ ಪ್ರಯತ್ನಿಸಿದರೆ ಮೂರು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಐದು ಸಲ ತಪ್ಪಿದರೆ 20 ನಿಮಿಷ ಬಾಗಿಲು ಮುಚ್ಚುವುದಾದರೆ ಅದೇ ಕೆಲಸಕ್ಕೆ 40,000 ನಿಮಿಷ, ಅಂದರೆ ಸುಮಾರು 28 ದಿನ ಬೇಕು. ಇನ್ನು ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳನ್ನು ಹೇಗೆ ಬೇಕಾದರೂ ಜೋಡಿಸಿದರೆ ಸಾಧ್ಯತೆಗಳು 20,882 ಕೋಟಿ ದಾಟುತ್ತವೆ. ಉದ್ದದ ಪಾಸ್‌ವರ್ಡ್ ಮತ್ತು ಎಣಿಸುವ ಬೀಗ ಎರಡೂ ಸೇರಿದರೆ ಊಹಿಸುವವನಿಗೆ ಆಯಸ್ಸು ಸಾಲದು. ಊರಿನ ಹೆಸರನ್ನೇ ಪಾಸ್‌ವರ್ಡ್ ಮಾಡಿದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಂಥವನ್ನು ಅವರು ಮೊದಲೇ ನೋಡುತ್ತಾರೆ.

ಆದರೆ ಈ ಬೀಗಕ್ಕೆ ಮುಖದ ಗುರುತು ಇಲ್ಲ. ಅದು ಮುಖ್ಯವಾಗಿ ನೋಡುವುದು ಐಪಿ ವಿಳಾಸವನ್ನು. ಹಳೆಯ ಮಾದರಿಯ ಐಪಿ ವಿಳಾಸ 32 ಬಿಟ್‌ಗಳದ್ದು. ಎರಡರ 32ನೇ ಘಾತವೆಂದರೆ ಸುಮಾರು 429 ಕೋಟಿ. ಲೋಕದ ಮೊಬೈಲು, ಕಂಪ್ಯೂಟರುಗಳಿಗೆಲ್ಲ ಒಂದೊಂದು ಕೊಡಲು ಅದು ಸಾಲದು. ಆದ್ದರಿಂದ ಒಂದು ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಹೊರಗೆ ಹೋಗುತ್ತವೆ. ಒಬ್ಬ ತಪ್ಪಿದರೆ ಎಲ್ಲರಿಗೂ ಬಾಗಿಲು ಬಂದ್.

ನಮ್ಮ ಶಾಲೆಯಲ್ಲಿ ಇದೇ ಆಯಿತು. ಒಂಬತ್ತನೇ ಕ್ಲಾಸಿನ ಇಬ್ಬರು ಕೀಬೋರ್ಡ್ ಕನ್ನಡದಲ್ಲಿ ಇರುವುದನ್ನು ನೋಡದೆ ಪಾಸ್‌ವರ್ಡ್ ಒತ್ತಿದರು. ಪರದೆಯಲ್ಲಿ ಚುಕ್ಕಿಗಳು ಮಾತ್ರ ಕಾಣುವುದರಿಂದ ಅವರಿಗೆ ಗೊತ್ತಾಗಲಿಲ್ಲ. ಐದನೇ ಸಲಕ್ಕೆ ಬಾಗಿಲು ಮುಚ್ಚಿತು. ಪಕ್ಕದ ಕಂಪ್ಯೂಟರಿನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟ ನನ್ನನ್ನೂ ಅದು ಬಿಡಲಿಲ್ಲ. "ಈ ಪ್ಲಗಿನ್ ಯಾಕೆ ಟೀಚರ್? ತೆಗೆದು ಬಿಸಾಡುವ" ಎಂದ ಒಬ್ಬ.

ನಾನು ಒಪ್ಪುವುದಿಲ್ಲ. ಫ್ಯೂಸ್ ಹೋದಾಗ ಕಿರಿಕಿರಿ ಬೇಡವೆಂದು ದಪ್ಪ ತಾಮ್ರದ ತಂತಿ ಸುತ್ತುವವರನ್ನು ನೋಡಿದ್ದೀರಲ್ಲ? ಮತ್ತೆ ಫ್ಯೂಸ್ ಹೋಗುವುದಿಲ್ಲ, ನಿಜ. ಮುಂದಿನ ಸಲ ಸುಡುವುದು ಮನೆಯ ವಯರು. ಫ್ಯೂಸಿಗೂ ತಪ್ಪು ಯಾರದ್ದೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವಿದ್ಯುತ್ತಿನ ಪ್ರಮಾಣ ಮಾತ್ರ. ಹಾಗೆಂದು ಅದು ಬೇಡವೆಂದು ನಾವು ಹೇಳುವುದಿಲ್ಲ. ಸರಿಯಾದ ಫ್ಯೂಸ್ ತಂತಿಯನ್ನು ಮನೆಯಲ್ಲಿ ತಂದಿಟ್ಟುಕೊಳ್ಳುತ್ತೇವೆ.

ಜಾಲತಾಣಕ್ಕೂ ಅಂಥ ತಯಾರಿ ಬೇಕು. ಬಾಗಿಲು ಮುಚ್ಚಿದಾಗ ಮೊದಲ ಮದ್ದು ಸುಮ್ಮನೆ ಕಾಯುವುದು. ಮತ್ತೆ ಮತ್ತೆ ಒತ್ತಿದರೆ ಅವಧಿ ಉದ್ದವಾಗಬಹುದು. ಎರಡನೆಯದು, ಬೇರೆ ಸಂಪರ್ಕದಿಂದ, ಅಂದರೆ ಮೊಬೈಲ್ ಡೇಟಾದಿಂದ ಪ್ರಯತ್ನಿಸುವುದು. ಆಗ ಐಪಿ ವಿಳಾಸ ಬೇರೆಯಾಗುತ್ತದೆ. ಎರಡೂ ಆಗದಿದ್ದರೆ ಹಿಂಬಾಗಿಲು ಉಂಟು. ತಾಣದ ಕಡತಗಳು ಇರುವ ಹೋಸ್ಟಿಂಗ್ ಖಾತೆಗೆ ಹೋಗಿ, ಪ್ಲಗಿನ್‌ಗಳ ಫೋಲ್ಡರಿನಲ್ಲಿ ಆ ಭದ್ರತಾ ಪ್ಲಗಿನ್‌ನ ಫೋಲ್ಡರಿಗೆ ಬೇರೆ ಹೆಸರು ಕೊಡಬೇಕು. ಹಳೆಯ ಹೆಸರಿನಲ್ಲಿ ಸಿಗದ ಪ್ಲಗಿನ್ ಅನ್ನು ವರ್ಡ್‌ಪ್ರೆಸ್ ನಡೆಸುವುದಿಲ್ಲ. ನೀವು ಬರೆದ ಲೇಖನಗಳು ಡೇಟಾಬೇಸಿನಲ್ಲಿ ಬೇರೆಯೇ ಇರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಒಳಗೆ ಹೋದ ಮೇಲೆ ಹೆಸರು ಸರಿಮಾಡಿ ಪ್ಲಗಿನ್ ಅನ್ನು ಮತ್ತೆ ಚಾಲೂ ಮಾಡಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಇಷ್ಟೆಲ್ಲ ನಡೆಯಬೇಕಾದರೆ ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಯಾರಲ್ಲಿ ಉಂಟು ಎಂದು ಗೊತ್ತಿರಬೇಕಲ್ಲ? ನನಗೆ ಚಿಂತೆ ಇರುವುದು ಇಲ್ಲಿ. ಎಷ್ಟೋ ಕಡೆ ತಾಣ ಮಾಡುವವರು ಉತ್ಸಾಹದ ಒಬ್ಬ ಮಾಷ್ಟ್ರು, ಇಲ್ಲವೇ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಮಾಷ್ಟ್ರಿಗೆ ವರ್ಗವಾಗುತ್ತದೆ, ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಪಾಸ್‌ವರ್ಡೂ ಅವರ ಜೊತೆ ಹೋಗುತ್ತದೆ. ಕಾಸರಗೋಡಾಗಲಿ ತಾಳವಾಡಿಯಾಗಲಿ ಅಕ್ಕಲಕೋಟೆಯಾಗಲಿ, ನಮ್ಮ ಊರಿನ ಹಕ್ಕಿ, ಗಿಡ, ಬಾವಿಯ ನೀರಿನ ಮಟ್ಟವನ್ನು ಕನ್ನಡದಲ್ಲಿ ಬರೆದಿಡುವವರು ನಾವು ಮಾತ್ರ. ಅದು ಕಳೆದುಹೋದರೆ ಇನ್ನೊಂದು ಕಡೆಯಿಂದ ಪ್ರತಿ ತರಿಸಲು ಆಗುವುದಿಲ್ಲ.

ಹಾಗಾಗಿ ಒಂದೇ ಪಾಸ್‌ವರ್ಡನ್ನು ಇಡೀ ಸಂಘಕ್ಕೆ ಹಂಚಬೇಡಿ. ವರ್ಡ್‌ಪ್ರೆಸ್‌ನಲ್ಲಿ ನಿರ್ವಾಹಕ, ಸಂಪಾದಕ, ಲೇಖಕ ಎಂದು ಬೇರೆ ಬೇರೆ ದರ್ಜೆಗಳು ಉಂಟು. ಬರೆಯುವ ಮಕ್ಕಳಿಗೆ ಲೇಖಕರ ಖಾತೆ ಸಾಕು. ನಿರ್ವಾಹಕರು ಇಬ್ಬರು ಶಿಕ್ಷಕರಿರಲಿ. ಹೋಸ್ಟಿಂಗ್ ಖಾತೆಯ ವಿವರ ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇರಲಿ. ತಿಂಗಳಿಗೊಮ್ಮೆ ತಾಣದ ಪೂರ್ತಿ ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸುವ ಕೆಲಸವನ್ನು ಎಂಟನೇ ಕ್ಲಾಸಿನವರು ಕಲಿಯಲಿ. ಇನ್ನೆರಡು ವರ್ಷ ಶಾಲೆಯಲ್ಲಿ ಇರುವವರು ಅವರೇ ಅಲ್ಲವೇ? ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಘಟಕಗಳು ಉಂಟು. ನಿಮ್ಮಲ್ಲಿ ಅದು ಇಲ್ಲದಿದ್ದರೆ ವಿಜ್ಞಾನ ಸಂಘವೇ ಸಾಕು. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಟೀಚರ್, ನಾಳೆ ಬಾಗಿಲು ಮುಚ್ಚಿದರೆ ಕೀಲಿಕೈ ಯಾರಲ್ಲಿ ಉಂಟು?"