‘ಯೋಗ್ಯ’ ಎಂಬ ಮಾತಿಗೆ ತಾರೀಖು ಬೇಡವೇ?

ಪುಣೆಯಲ್ಲಿ ಬಾವಿ ನೀರಿನ ಸರ್ಕಾರಿ ವರದಿ ಮುಗಿಯುವುದು ಎರಡರಲ್ಲಿ ಒಂದು ಮಾತಿನಿಂದ: ‘ಪಿಣ್ಯಾಸ ಯೋಗ್ಯ’ ಇಲ್ಲವೇ ‘ಪಿಣ್ಯಾಸ ಅಯೋಗ್ಯ’. ಕುಡಿಯಲು ತಕ್ಕದ್ದು, ತಕ್ಕದ್ದಲ್ಲ. ಮಾದರಿ ತೆಗೆದ ದಿನಾಂಕ ಮೇಲೆಲ್ಲೋ ಇರುತ್ತದೆ. ಜನರ ಬಾಯಿಗೆ ಬರುವುದು ಕೊನೆಯ ಎರಡು ಪದ ಮಾತ್ರ. ಆ ಪದಗಳಿಗೆ ಕಾಲವಿಲ್ಲ. ನೀರಿಗೆ ಇದೆ.

ಪುಣೆ ಕೂತಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಯ ಮೇಲೆ. ಅಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ. ಮರಳು ಸೋಸುವಂತೆ ಬಿರುಕು ಸೋಸುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟಿಕ್ ಟ್ಯಾಂಕಿನ ಸೋರಿಕೆ, ಚರಂಡಿಯ ಕೊಳೆ ಬೇಗನೆ ಬಾವಿಗೆ ಇಳಿಯಬಲ್ಲದು. ಬೇಸಿಗೆಯಲ್ಲಿ ಮಟ್ಟ ಕುಸಿದಾಗ ಉಳಿದ ನೀರಿನಲ್ಲಿ ಲವಣ ದಟ್ಟವಾಗಬಹುದು. ಮೇ ತಿಂಗಳಲ್ಲಿ ಪಾಸಾದ ಬಾವಿ ಜುಲೈನಲ್ಲಿ ಫೇಲಾದರೆ ಆಶ್ಚರ್ಯವೇನಿಲ್ಲ. ಆದರೂ ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯುತ್ತ, ಗುಣಮಟ್ಟದ ಮಾದರಿಯನ್ನು ಮಾತ್ರ ಬಹುಕಾಲ ಮಳೆಗಾಲಕ್ಕೆ ಮುಂಚೆ ಒಂದೇ ಸಲ ತೆಗೆಯುತ್ತಿತ್ತು. ನೀರು ಎಷ್ಟಿದೆ ಎಂಬ ಕಾಳಜಿ ನಾಲ್ಕು ಪಾಲು, ಹೇಗಿದೆ ಎಂಬುದು ಒಂದು ಪಾಲು.

ಹಾಗಾದರೆ ಮಳೆಗಾಲದಲ್ಲಿ ಕುದಿಸಿ ಕುಡಿದರೆ ಮುಗಿಯಿತೇ? 2025ರ ಜನವರಿ ಅದಕ್ಕೆ ಉತ್ತರ ಕೊಟ್ಟಿತು. ಮಳೆಯ ಹನಿಯಿಲ್ಲದ ಆ ತಿಂಗಳಲ್ಲಿ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಸುತ್ತ ಕೈಕಾಲು ಸೋಲಿಸುವ ಗಿಯಾನ್-ಬಾರೆ ಸಿಂಡ್ರೋಮ್ ಹಬ್ಬಿತು. ಪುಣೆ ಭಾಗದ ಶಂಕಿತ ಪ್ರಕರಣಗಳು 200 ದಾಟಿದವು. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿತು. ಆ ಪ್ರದೇಶದ ಕೆಲವು ನೀರಿನ ಮೂಲಗಳಲ್ಲಿ ಮಲದ ಬ್ಯಾಕ್ಟೀರಿಯಾ ಪತ್ತೆಯಾದವು. ಋತು ಹೇಳುವುದು ಯಾವಾಗ ಹೆಚ್ಚು ಎಚ್ಚರವಿರಬೇಕು ಎಂದು. ಯಾವಾಗ ಮಲಗಬಹುದು ಎಂದಲ್ಲ.

ನಾಂದೇಡ್, ಕಿರ್ಕಟ್‌ವಾಡಿ ಪಾಲಿಕೆಗೆ ಸೇರಿದ್ದು 2021ರಲ್ಲಿ. ಹೊಸ ಪ್ರದೇಶ, ಸಮಯ ಬೇಕು ಎನ್ನುವುದು ಸಿದ್ಧ ಉತ್ತರ. ಪೈಪ್‌ಲೈನಿಗೆ ಸಮಯ ಬೇಕು, ಒಪ್ಪೋಣ. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಕೆಲವು ನಿಮಿಷ ಸಾಕು. ಅದಕ್ಕೂ ಸಮಯವಿಲ್ಲವೇ?

ಮನೆಗೆ ಫಿಲ್ಟರ್ ಹಾಕಿಸಿ ಎಂಬುದು ಇನ್ನೊಂದು ಉಪದೇಶ. ಕಲಬುರಗಿ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವ ಕುಟುಂಬ, ಟ್ಯಾಂಕರ್ ತಂದು ಸುರಿದದ್ದನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಕುಡಿಯುತ್ತದೆ. ಆ ಟ್ಯಾಂಕರ್ ಯಾವ ಬೋರ್‌ವೆಲ್ಲಿನದು, ಅದನ್ನು ಕೊನೆಯ ಸಲ ಪರೀಕ್ಷಿಸಿದ್ದು ಎಂದು? ಕೇಳಿದರೆ ಹೇಳುವವರಿಲ್ಲ.

ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಒಂದೂ ಕಾಣಬಾರದು ಎಂಬುದು ಭಾರತೀಯ ಮಾನಕ. ಅದು ಎಲ್ಲ ಋತುವಿಗೂ ಒಂದೇ. ಹಾಗಿರುವಾಗ ಮೊದಲ ಮಳೆಯ ನಂತರ, ಮಳೆಗಾಲ ಮುಗಿದ ಮೇಲೆ, ಕಡು ಬೇಸಿಗೆಯಲ್ಲಿ ಹೀಗೆ ಕನಿಷ್ಠ ಮೂರು ಸಲ ಪ್ರತಿ ಸಾರ್ವಜನಿಕ ಬಾವಿ, ಪ್ರತಿ ಟ್ಯಾಂಕರ್ ತುಂಬುವ ಜಾಗದ ಪರೀಕ್ಷೆ ನಡೆಯಲಿ. ಫಲಿತಾಂಶವನ್ನು ಅಲ್ಲೇ, ಮರಾಠಿಯಲ್ಲಿ, ಕಣ್ಣಿಗೆ ಬೀಳುವಂತೆ ಬರೆದು ಹಾಕಲಿ. ‘ಯೋಗ್ಯ’ ಎಂಬ ಪದಕ್ಕಿಂತ ದೊಡ್ಡ ಅಕ್ಷರದಲ್ಲಿ ತಾರೀಖು ಇರಲಿ.