ಅಧಿಕಾರವಿಲ್ಲದ ಮೇಯರ್ ಯಾಕೆ ಬೇಕು?

1839ರ ನವೆಂಬರ್ 4ರ ಬೆಳಿಗ್ಗೆ ವೇಲ್ಸ್‌ನ ನ್ಯೂಪೋರ್ಟ್ ಊರಿನ ವೆಸ್ಟ್‌ಗೇಟ್ ಹೋಟೆಲಿನ ಒಳಗೊಬ್ಬ ಮೇಯರ್ ಇದ್ದ, ಹೊರಗೊಬ್ಬ ಮಾಜಿ ಮೇಯರ್. ಒಳಗಿದ್ದವನು ವಕೀಲ ಥಾಮಸ್ ಫಿಲಿಪ್ಸ್. ಅವನ ಜೊತೆ ಮೂವತ್ತರಷ್ಟು ಸೈನಿಕರು, ಹಿಡಿದು ಕೂಡಿಹಾಕಿದ್ದ ಕೆಲವು ಚಾರ್ಟಿಸ್ಟರು. ಹೊರಗಿದ್ದವನು ಬಟ್ಟೆ ವ್ಯಾಪಾರಿ ಜಾನ್ ಫ್ರಾಸ್ಟ್. ಕಲ್ಲಿದ್ದಲ ಗಣಿಗಳ ಕಣಿವೆಯಿಂದ ರಾತ್ರಿಯಿಡೀ ಮಳೆಯಲ್ಲಿ ನೆನೆಯುತ್ತ ನಡೆದುಬಂದ ಸಾವಿರಾರು ಜನ ಅವನ ಹಿಂದೆ ಇದ್ದರು. ವಯಸ್ಕ ಗಂಡಸರಿಗೆಲ್ಲ ಮತದ ಹಕ್ಕು ಬೇಕು ಎಂಬುದು ಚಾರ್ಟಿಸ್ಟರು ಎನಿಸಿಕೊಂಡ ಇವರ ದೊಡ್ಡ ಬೇಡಿಕೆ. ಗುಂಡು ಹಾರಿತು, ಇಪ್ಪತ್ತೆರಡರಷ್ಟು ಜನ ಸತ್ತರು. ಗಾಯಗೊಂಡ ಫಿಲಿಪ್ಸ್‌ಗೆ ವಿಕ್ಟೋರಿಯಾ ರಾಣಿ ಸರ್ ಪದವಿ ಕೊಟ್ಟಳು. ಫ್ರಾಸ್ಟ್‌ಗೆ ಗಲ್ಲಿಗೇರಿಸಿ ದೇಹವನ್ನು ನಾಲ್ಕು ತುಂಡು ಮಾಡುವ ಶಿಕ್ಷೆಯಾಯಿತು. ಆಮೇಲೆ ಶಿಕ್ಷೆಯನ್ನು ಇಳಿಸಿ ಅವನನ್ನು ಟಾಸ್ಮೇನಿಯಾಕ್ಕೆ ಸಾಗಿಸಿದರು. ಮುದುಕನಾಗಿ ಅವನು ಬ್ರಿಟನ್ನಿಗೆ ಮರಳಿದ್ದು 1856ರಲ್ಲಿ. ಇಂದು ನ್ಯೂಪೋರ್ಟಿನ ನಡುಮಧ್ಯದ ಚೌಕಕ್ಕೆ ಇರುವುದು ಅವನದೇ ಹೆಸರು.

ಈ ಕಥೆಯನ್ನು ಸಾಮಾನ್ಯವಾಗಿ ಮತದಾನದ ಹಕ್ಕಿನ ಇತಿಹಾಸದಲ್ಲಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಮೇಯರ್ ಎಂಬ ಹುದ್ದೆಯ ಇತಿಹಾಸ. 1835ರ ಪೌರಸಂಸ್ಥೆಗಳ ಕಾಯ್ದೆ ಊರಿನ ತೆರಿಗೆದಾರರಿಗೆ ಕೌನ್ಸಿಲ್ ಆರಿಸುವ ಹಕ್ಕು ಕೊಟ್ಟಿತು. ಕೌನ್ಸಿಲ್ ವರ್ಷಕ್ಕೊಬ್ಬ ಮೇಯರನ್ನು ಆರಿಸುತ್ತಿತ್ತು. ಹಾಗೆ ಆಯ್ಕೆಯಾದವನು ಆ ವರ್ಷ ತಾನಾಗಿಯೇ ಮ್ಯಾಜಿಸ್ಟ್ರೇಟ್ ಕೂಡ ಆಗುತ್ತಿದ್ದ. ಎಂದರೆ ಮೆರವಣಿಗೆಯ ಮುಂದೆ ನಡೆಯುವವನೇ ಜನರನ್ನು ಹಿಡಿದು ಒಳಗೆ ಹಾಕಿಸಬಹುದಿತ್ತು. ಫಿಲಿಪ್ಸ್ ಹೋಟೆಲಿನಲ್ಲಿ ಸೈನಿಕರ ಜೊತೆ ನಿಂತದ್ದು ಊರಿನ ಗೌರವದ ಪ್ರತಿನಿಧಿಯಾಗಿ ಅಲ್ಲ, ಕಾನೂನು ಸುವ್ಯವಸ್ಥೆಯ ಹೊಣೆ ಹೊತ್ತವನಾಗಿ. ಒಂದೇ ಕೊರಳಿನಲ್ಲಿ ಮರ್ಯಾದೆಯೂ ದಂಡನೆಯೂ ತೂಗುತ್ತಿದ್ದ ಕಾಲ ಅದು. ಮೇಯರ್‌ಗಳಿಗೆ ಹುದ್ದೆಯ ಬಲದಿಂದಲೇ ಬರುತ್ತಿದ್ದ ಈ ಮ್ಯಾಜಿಸ್ಟ್ರೇಟ್ ಪದವಿ ಪೂರ್ತಿ ಹೋದದ್ದು 1968ರ ಕಾನೂನಿನಿಂದ.

ಈಗ ಪಕ್ಕದ ಕಾರ್ಡಿಫ್‌ಗೆ ಬರೋಣ. ಜಮೀನ್ದಾರ ಎರಡನೇ ಬ್ಯೂಟ್ ಮಾರ್ಕ್ವಿಸ್ ಕಟ್ಟಿಸಿದ ಹಡಗುಕಟ್ಟೆ ಅಲ್ಲಿ ತೆರೆದದ್ದು ನ್ಯೂಪೋರ್ಟಿನ ದಂಗೆಗೆ ಒಂದೇ ತಿಂಗಳು ಮೊದಲು, 1839ರ ಅಕ್ಟೋಬರಿನಲ್ಲಿ. ಕಲ್ಲಿದ್ದಲು ಊರನ್ನು ಬೆಳೆಸಿತು. ಮಾರ್ಕ್ವಿಸ್‌ನ ಮಗ, ಅಲ್ಲಿನ ಕೋಟೆಯನ್ನು ಕನಸಿನಂತೆ ಮತ್ತೆ ಕಟ್ಟಿಸಿಕೊಂಡ ಮೂರನೇ ಬ್ಯೂಟ್, 1890ರಲ್ಲಿ ತಾನೇ ಕಾರ್ಡಿಫ್‌ನ ಮೇಯರ್ ಆದ. ಊರಿನ ಬಹಳಷ್ಟು ಜಮೀನಿನ ಒಡೆಯ ಊರಿನ ಸಭೆಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದ! ಯಾರ ಎದುರಿಗೆ ಯಾರು ಎದ್ದು ನಿಲ್ಲಬೇಕಿತ್ತೋ ಏನೋ. 1905ರಲ್ಲಿ ಕಾರ್ಡಿಫ್‌ಗೆ ನಗರದ ಸ್ಥಾನ ಸಿಕ್ಕಿತು, ಮೇಯರ್ ಲಾರ್ಡ್ ಮೇಯರ್ ಆದರು. 1955ರಲ್ಲಿ ಅದು ವೇಲ್ಸ್‌ನ ರಾಜಧಾನಿ. ಮರುವರ್ಷ ಲಾರ್ಡ್ ಮೇಯರ್ ಹೆಸರಿನ ಹಿಂದೆ ‘ರೈಟ್ ಆನರಬಲ್’ ಸೇರಿತು. ಬಿರುದು ಒಂದೊಂದಾಗಿ ಏರುತ್ತ ಹೋದಂತೆ ಕೈಯಲ್ಲಿದ್ದ ಅಧಿಕಾರ ಒಂದೊಂದಾಗಿ ಇಳಿಯಿತು. ವೇಲ್ಸ್‌ನ ಇನ್ನೊಂದು ಊರಾದ ಸ್ವಾನ್ಸಿಯ ಕಥೆಯೂ ಹೆಚ್ಚುಕಡಿಮೆ ಇದೇ: 1969ರಲ್ಲಿ ನಗರ, 1982ರಲ್ಲಿ ಲಾರ್ಡ್ ಮೇಯರ್.

ಇಂದು ಈ ನಗರಗಳ ಬಜೆಟ್, ಶಾಲೆ, ರಸ್ತೆ, ಮನೆಗಳನ್ನೆಲ್ಲ ನೋಡಿಕೊಳ್ಳುವವರು ಕೌನ್ಸಿಲಿನ ನಾಯಕ ಮತ್ತು ಅವರ ಸಂಪುಟ. ಲಾರ್ಡ್ ಮೇಯರ್ ಹುದ್ದೆಯ ಸರ ಧರಿಸಿ ಶತಾಯುಷಿಗಳ ಮನೆಗೆ ಹೋಗುತ್ತಾರೆ, ಯುದ್ಧ ಸ್ಮಾರಕಕ್ಕೆ ಹೂವಿನ ಚಕ್ರ ಇಡುತ್ತಾರೆ, ವರ್ಷಕ್ಕೊಂದು ದತ್ತಿ ಸಂಸ್ಥೆಗಾಗಿ ದುಡ್ಡು ಎತ್ತುತ್ತಾರೆ. ಹಾಗಾದರೆ ಈ ಹುದ್ದೆ ಯಾಕೆ? ಗ್ರಂಥಾಲಯಗಳಿಗೇ ದುಡ್ಡು ಸಾಲದ ಕಾಲದಲ್ಲಿ ಕಾರು, ಸಿಬ್ಬಂದಿ, ಔತಣ ಯಾಕೆ? ವರ್ಷಕ್ಕೊಮ್ಮೆ ಕೌನ್ಸಿಲರ್‌ಗಳೇ ಆರಿಸುವುದರಿಂದ ಪಕ್ಷದ ಹಿರಿಯರಿಗೆ ನಿವೃತ್ತಿಯ ಉಡುಗೊರೆಯಂತೆ ಇದು ಸಲ್ಲುತ್ತದೆ ಎಂಬ ಆಕ್ಷೇಪವೂ ಇದೆ. ಆ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲು ನಾನು ತಯಾರಿಲ್ಲ.

ಆದರೂ ಈ ಹುದ್ದೆ ಇರಬೇಕು ಎಂಬ ಪಕ್ಷ ನನ್ನದು. ಪರಂಪರೆ, ಪ್ರವಾಸೋದ್ಯಮ, ಗೌನಿನ ಚೆಂದ ಇವು ಯಾವುವೂ ನನ್ನ ಕಾರಣಗಳಲ್ಲ. ಊರಿಗೆ ಮರ್ಯಾದೆ ಮಾಡುವ ಸಂದರ್ಭಗಳು ಹೇಗೂ ಬರುತ್ತವೆ. ಯಾರಾದರೂ ಒಬ್ಬರು ಊರಿನ ಪರವಾಗಿ ಎದ್ದು ನಿಲ್ಲಲೇಬೇಕು. ಅಂಥವರು ಇಲ್ಲದಿದ್ದರೆ ಆ ಜಾಗಕ್ಕೆ ಬಂದು ನಿಲ್ಲುವವರು ಟೆಂಡರಿಗೆ ಸಹಿ ಹಾಕುವವರೇ. ಹಾರ, ಫೋಟೋ, ಚಪ್ಪಾಳೆ ಎಲ್ಲ ಅವರಿಗೇ ಸೇರುತ್ತವೆ. ಹಾರ ಹಾಕಿಸಿಕೊಂಡವರನ್ನು ಮರುದಿನ ಸಭೆಯಲ್ಲಿ ಲೆಕ್ಕ ಕೇಳುವುದು ಎಷ್ಟು ಕಷ್ಟ ಎಂದು ನಮಗೆ ಹೇಳಿಕೊಡಬೇಕಿಲ್ಲ.

ಬ್ರಿಟಿಷ್ ಪೌರಾಡಳಿತಕ್ಕೆ ಸೇರಿದ ಒಂದು ಸಮಾರಂಭ ನೋಡಿ. 2004ರಿಂದ ಅಲ್ಲಿ ಹೊಸದಾಗಿ ಪೌರತ್ವ ಪಡೆಯುವವರು ಸಾರ್ವಜನಿಕ ಸಮಾರಂಭದಲ್ಲಿ ಪ್ರಮಾಣವಚನ ತೆಗೆದುಕೊಳ್ಳಬೇಕು. ವೇಲ್ಸ್‌ನಲ್ಲಿ ಬೇಕಿದ್ದರೆ ವೆಲ್ಷ್ ಭಾಷೆಯಲ್ಲೇ ತೆಗೆದುಕೊಳ್ಳಬಹುದು. ರಾಜನ ಪ್ರತಿನಿಧಿಯ ಜೊತೆಗೆ ಊರಿನ ಪರವಾಗಿ ಸ್ವಾಗತಿಸಲು ಸಾಮಾನ್ಯವಾಗಿ ಮೇಯರ್ ಅಥವಾ ಅಂಥ ಒಬ್ಬರು ಇರುತ್ತಾರೆ. ವೀಸಾ ಕಚೇರಿ, ಅರ್ಜಿ, ಶುಲ್ಕ, ಪರೀಕ್ಷೆ ಎಂದು ವರ್ಷಗಟ್ಟಲೆ ಸರ್ಕಾರದ ಎದುರು ಕೈಕಟ್ಟಿ ನಿಂತವರಿಗೆ ಕೈಕುಲುಕುವ ಆ ಮನುಷ್ಯನಿಂದ ಆಗಬೇಕಾದ್ದು ಏನೂ ಇಲ್ಲ, ಆತ ಕೆಡಿಸಬಲ್ಲದ್ದೂ ಏನೂ ಇಲ್ಲ. ಆ ಸ್ವಾಗತದ ಬೆಲೆ ಅಲ್ಲಿಯೇ ಇದೆ. 2023ರಲ್ಲಿ ಬಾಂಗ್ಲಾದೇಶಿ ಮೂಲದ ಬಾಬ್ಲಿನ್ ಮೊಲ್ಲಿಕ್ ಕಾರ್ಡಿಫ್‌ನ ಲಾರ್ಡ್ ಮೇಯರ್ ಆದಾಗ ಆ ಸರ ಹೊಸಬರ ಕಡೆಯಿಂದಲೂ ಏನನ್ನೋ ಹೇಳಿತು.

ಆದರೆ ಮರ್ಯಾದೆ ಅಧಿಕಾರದಿಂದ ಬೇರೆಯಾಗಿರಬೇಕು ಎಂಬುದು ತಾನಾಗಿ ನಡೆದುಬಿಡುವ ಸಂಗತಿಯಲ್ಲ. 1999ರಲ್ಲಿ ಕಾರ್ಡಿಫ್ ಕೌನ್ಸಿಲಿನ ನಾಯಕ ರಸೆಲ್ ಗುಡ್‌ವೇ ಲಾರ್ಡ್ ಮೇಯರ್ ಪದವಿಯನ್ನೂ ವಹಿಸಿಕೊಂಡರು. ಊರನ್ನು ನಡೆಸುವವರೇ ಊರಿನ ಮುಖವೂ ಆಗಿದ್ದರೆ ಗೊಂದಲವಿಲ್ಲ ಎಂಬ ವಾದಕ್ಕೂ ತೂಕವಿದೆ. ಹೊರದೇಶದ ಉದ್ಯಮಿ ಬಂದಾಗ ನಿರ್ಧಾರ ತೆಗೆದುಕೊಳ್ಳಬಲ್ಲವರನ್ನೇ ಭೇಟಿಯಾಗಬಯಸುತ್ತಾನೆ, ನಿಜ. ಆದರೆ ಕೌನ್ಸಿಲಿನ ಸಭೆಗೆ ಅಧ್ಯಕ್ಷತೆ ವಹಿಸುವವರೂ ಅವರೇ ಆದರೆ, ನಾಯಕನಿಗೆ ಪ್ರಶ್ನೆ ಹಾಕಲು ಎದ್ದವರಿಗೆ ಮಾತಿನ ಸರದಿ ಕೊಡುವವರು ಯಾರು? ಬ್ರಿಟನ್ನಿನ 2000ದ ಸ್ಥಳೀಯ ಸರ್ಕಾರ ಕಾಯ್ದೆ ಕೌನ್ಸಿಲಿನ ಅಧ್ಯಕ್ಷರು ಸಂಪುಟದಲ್ಲಿ ಇರುವಂತಿಲ್ಲ ಎಂದು ಗೆರೆ ಎಳೆಯಿತು. ಆ ಕಾಯ್ದೆ ಜನರಿಂದ ನೇರ ಆಯ್ಕೆಯಾಗುವ, ಅಧಿಕಾರವುಳ್ಳ ಮೇಯರ್‌ಗೂ ದಾರಿ ಮಾಡಿತ್ತು. 2004ರಲ್ಲಿ ವೇಲ್ಸ್‌ನ ಕೆರೆಡಿಗಿಯನ್ ಜಿಲ್ಲೆಯ ಜನರನ್ನು ಕೇಳಿದಾಗ ಅವರು ಭಾರಿ ಬಹುಮತದಿಂದ ಬೇಡವೆಂದರು.

ಇಲ್ಲಿ ಕನ್ನಡದ ಓದುಗರಿಗೆ ಬೆಂಗಳೂರು ನೆನಪಾಗದೆ ಇರದು. ಇಂಗ್ಲೆಂಡಿನ ಮಾದರಿಯ ಮೇಯರ್ ಹುದ್ದೆ 1688ರಲ್ಲೇ ಮದ್ರಾಸಿಗೆ ಬಂತು. ನಮ್ಮ ಪಾಲಿಕೆಗಳಿಗೂ ಮೂಲ ಅಲ್ಲಿಯದೇ. ಬೆಂಗಳೂರಿನಲ್ಲೂ ಬಹುಕಾಲ ವರ್ಷಕ್ಕೊಬ್ಬ ಮೇಯರ್, ಕಡತಗಳೆಲ್ಲ ಆಯುಕ್ತರ ಮೇಜಿನ ಮೇಲೆ. ಮೇಲ್ನೋಟಕ್ಕೆ ಕಾರ್ಡಿಫ್‌ನದೇ ಪಡಿಯಚ್ಚು. ಆದರೆ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಊರು ನಡೆದಾಗ ಮೇಯರ್ ಇಲ್ಲವಲ್ಲ ಎಂದು ಕೊರಗಿದವರು ಕಡಿಮೆ. ಜನ ಹುಡುಕಿದ್ದು ಮೋರಿ ಕಟ್ಟಿದಾಗ ಫೋನ್ ಎತ್ತುವ ಕಾರ್ಪೊರೇಟರನ್ನು. ಇದು ನನ್ನ ವಾದಕ್ಕೇ ವಿರುದ್ಧವಾದ ಸಾಕ್ಷಿಯಂತೆ ಕಾಣಬಹುದು.

ವ್ಯತ್ಯಾಸ ಇರುವುದು ಮೇಯರ್ ಬಿಟ್ಟುಕೊಟ್ಟ ಅಧಿಕಾರ ಎಲ್ಲಿಗೆ ಹೋಯಿತು ಎಂಬುದರಲ್ಲಿ. ಕಾರ್ಡಿಫ್‌ನಲ್ಲಿ ಅದು ಹೋದದ್ದು ಅದೇ ಸಭೆಯಲ್ಲಿ ಎದುರು ಕೂತ, ಜನ ಆರಿಸಿದ ಇನ್ನೊಬ್ಬರಿಗೆ. ಮೇಯರ್ ಬರೀ ಅಲಂಕಾರವಾದರೂ ಜನರ ಪ್ರಶ್ನೆಗೆ ಉತ್ತರಿಸುವ ಚುನಾಯಿತ ವ್ಯಕ್ತಿಯೊಬ್ಬರು ಅಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ಅದು ಹೋದದ್ದು ವಿಧಾನಸೌಧಕ್ಕೆ ಮತ್ತು ವರ್ಗಾವಣೆಯ ಮೇಲೆ ಬರುವ ಅಧಿಕಾರಿಗೆ. ಅಧಿಕಾರವಿಲ್ಲದ ಮೇಯರ್ ಹಿಂದೆ ಅಧಿಕಾರವಿರುವ ಚುನಾಯಿತ ನಾಯಕ ಇಲ್ಲದಿದ್ದರೆ ಆ ಸರಕ್ಕೆ ಅರ್ಥವಿಲ್ಲ. ಈಗ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಿದೆ. ಮೇಯರ್ ಅವಧಿ ಎಷ್ಟು ತಿಂಗಳು ಎಂಬ ಚರ್ಚೆ ಆಗಾಗ ಕೇಳಿಬರುತ್ತದೆ. ಆ ಐದೂ ಕಡೆ ಬಜೆಟ್ ಮಂಡನೆಯ ದಿನ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡುವವರು ಯಾರು, ಅವರನ್ನು ಕೆಳಗಿಳಿಸುವ ಹಕ್ಕು ಯಾರದು ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕಿತ್ತು.