ಬಲೆಯ ಹೊರಗೆ ನಿಂತ ಹುಡುಗ

ಬೆಂಗಳೂರಿನ ನಮ್ಮ ಸಿಂಗಾಪುರ ಬಡಾವಣೆಯಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದ ಖಾಲಿ ಸೈಟಿಗೆ ಕಳೆದ ಬೇಸಿಗೆಯಲ್ಲಿ ಕಾಂಪೌಂಡು ಎದ್ದಿತು. ಗೋಲು ಕಂಬವೆಂದು ನೆಟ್ಟುಕೊಂಡಿದ್ದ ಎರಡು ಸೈಜುಗಲ್ಲು ಆ ಗೋಡೆಯ ಪಾಯಕ್ಕೇ ಸೇರಿದವು. ಸ್ವಲ್ಪ ದೂರದಲ್ಲಿ ಬಲೆ ಕಟ್ಟಿದ ಟರ್ಫ್ ಇದೆ, ಗಂಟೆಗಿಷ್ಟು ಎಂದು ಬಾಡಿಗೆ. ಗಾರೆ ಕೆಲಸದವರ ಮಗನೊಬ್ಬ, ಬಾಯಿಬಿಟ್ಟ ಬೂಟಿಗೆ ಎರಡನೇ ಸಲ ಹೊಲಿಗೆ ಹಾಕಿಸಿಕೊಂಡವನು, ಬಲೆಯೊಳಗೆ ಬೆರಳು ತೂರಿಸಿಕೊಂಡು ಆಟ ನೋಡುತ್ತಾ ನಿಂತಿರುತ್ತಾನೆ. ಆ ಬೆರಳು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

'ಗೆಲ್ಲುತ್ತಾ ಹೋಗಪ್ಪಾ, ತಾನಾಗಿ ಮೇಲೆ ಬರುತ್ತೀಯ' ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ?

ಗೆದ್ದೇ ಮೇಲೆ ಬಂದವರು ನಮ್ಮ ಊರಲ್ಲೇ ಇದ್ದಾರೆ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂಬ ಸಣ್ಣ ಕ್ಲಬ್ಬು 2023-24ರಲ್ಲಿ ಐ-ಲೀಗ್ 3ರಿಂದ ಮೇಲೇರಿತು. ಅದೇ ಸಾಲಿನಲ್ಲಿ ಐ-ಲೀಗ್ 2ನ್ನೂ ದಾಟಿ ಐ-ಲೀಗಿಗೆ ಕಾಲಿಟ್ಟಿತು. ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು! ಈ ಊರಿನ ಎಷ್ಟು ಮಂದಿಗೆ ಅದು ಗೊತ್ತಾಯಿತು? ಮರುವರ್ಷ ಕೆಳಗಿನ ಸ್ಥಾನಕ್ಕೆ ಜಾರಿದ್ದಕ್ಕೆ ನಿಯಮ ಅದನ್ನು ಮತ್ತೆ ಕೆಳಕ್ಕಿಳಿಸಿತು.

ನಿಯಮ ಇರಲಿ, ಆದರೆ ಅದು ಯಾರ ಮೇಲೆ? 2014ರಲ್ಲಿ ಶುರುವಾದ, ಐ-ಲೀಗಿಗೂ ಮೇಲಿನ ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಹತ್ತು ವರ್ಷ ಕಳೆದರೂ ಕಡೆಗೆ ಬಂದವರನ್ನು ಕೆಳಗಿಳಿಸಲಿಲ್ಲ. 2023-24ರಲ್ಲಿ ಒಂದೇ ಒಂದು ಪಂದ್ಯ ಗೆದ್ದು ತಳ ಸೇರಿದ ಹೈದರಾಬಾದ್ ತಂಡ ಮರುವರ್ಷವೂ ಅದೇ ಲೀಗಿನಲ್ಲಿ ಆಡಿತು. ಕೆಳಗಿನಿಂದ ಗೆದ್ದು ಮೇಲೆ ಹೋಗುವ ಬಾಗಿಲು ತೆರೆದದ್ದು 2023ರಲ್ಲಿ, ಪಂಜಾಬ್ ತಂಡಕ್ಕೆ. ಅಲ್ಲಿಯವರೆಗೆ ಹಣವೇ ಅರ್ಹತೆ. ನಮ್ಮ ಬೆಂಗಳೂರು ಎಫ್‌ಸಿಯನ್ನೂ 2013ರಲ್ಲಿ ಉಕ್ಕಿನ ಕಂಪನಿಯೊಂದು ನೇರವಾಗಿ ಐ-ಲೀಗಿಗೇ ಇಳಿಸಿತು. ಮೊದಲ ವರ್ಷವೇ ಚಾಂಪಿಯನ್ ಆದರು, ಚೆನ್ನಾಗಿ ಆಡಿದರು, ಆ ಆಟಗಾರರ ಮೇಲೆ ನನಗೆ ಜಗಳವಿಲ್ಲ. ದುಡ್ಡಿದ್ದವನಿಗೆ ಮೇಲಿನ ಮಹಡಿ, ಬೆವರು ಸುರಿಸಿದವನಿಗೆ ಮೆಟ್ಟಿಲು ಎಂದು ಭಾಗ ಮಾಡಿಟ್ಟವರ ಮೇಲೆ ಜಗಳ.

ಈ ಆಟ ಇಲ್ಲಿ ಬೆಳೆದದ್ದು ಬಡವರ ಕಾಲಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲು ಹೊಡೆದ ರಾಮನ್ ಮೈಸೂರು ರಾಜ್ಯದ ಆಟಗಾರ. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಗೌತಮಪುರ, ಆಸ್ಟಿನ್ ಟೌನಿನ ಒಂದು ಕೋಣೆಯ ಮನೆಗಳಿಂದ ಹುಡುಗರು ಬಂದರು. ಎಚ್‌ಎಎಲ್, ಐಟಿಐ ತಂಡಗಳಲ್ಲಿ ಆಡಿದವನಿಗೆ ಕಾರ್ಖಾನೆ ನೌಕರಿ ಸಿಗುತ್ತಿತ್ತು. ಮೊಣಕಾಲು ಹೋದರೂ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಈಗ ಆ ನೌಕರಿಯೂ ಇಲ್ಲ, ಆಡುವ ನೆಲವೂ ಇಲ್ಲ. ಇಷ್ಟಾದರೂ 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ತಂದಿತು.

ಕೆಳಗಿನ ಲೀಗಿನವರು ಬೀಳಬೇಕು ಎಂದಾದರೆ ಮೇಲಿನವರೂ ಬೀಳಲಿ. ಹತ್ತಿ ಬಂದ ಕ್ಲಬ್ಬಿಗೆ ಸರ್ಕಾರ ಮೈದಾನ ಕೊಡಲಿ, ಬಸ್ಸಿನ ಖರ್ಚು ಕೊಡಲಿ. ನಮ್ಮ ಸಿಂಗಾಪುರಕ್ಕೆ ನಾಗರಿಕ ಸೌಲಭ್ಯಕ್ಕೆಂದು ಮೀಸಲಿಡುವ ಒಂದು ಸಿ.ಎ. ಸೈಟು ಬಿಡಿ. ಹುಲ್ಲು ಬೇಡ, ದೀಪ ಬೇಡ, ಸುತ್ತ ಬಲೆಯಂತೂ ಬೇಡವೇ ಬೇಡ. ಕಲ್ಲು ಆ ಹುಡುಗರೇ ತಂದು ನೆಟ್ಟುಕೊಳ್ಳುತ್ತಾರೆ.